ಕೇಳಿದ್ದರೆ ಕೊಡುತ್ತಿದ್ದೆ

ಎಡ ಮೊಲೆಯಲ್ಲಿ ಗಂಟು ಇದೆ ಎಂದು ಚಂದ್ರಾವತಿಗೆ ಗೊತ್ತಾದದ್ದು ಬ್ಯಾಂಕಿನ ಕಕ್ಕಸು ತೊಳೆಯುವಾಗ. ನೀರಿನ ಬಕೆಟ್ಟು ಎತ್ತಿದಳು, ತೋಳು ಎದೆಗೆ ಒತ್ತಿತು, ಒಳಗೆ ಏನೋ ಗಟ್ಟಿ ಸಿಕ್ಕಿತು. ಬಕೆಟ್ಟು ಇಟ್ಟು ಮುಟ್ಟಿ ನೋಡಿದಳು. ನೋವಿರಲಿಲ್ಲ. ನೋವಿಲ್ಲದ್ದನ್ನು ಯಾರಿಗೆ ಹೇಳುವುದು? ಮತ್ತೆ ಬಕೆಟ್ಟು ಎತ್ತಿದಳು.

ಬ್ಯಾಂಕು ಇದ್ದದ್ದು ಕೊಚ್ಚಿಯ ಮಟ್ಟಾಂಚೇರಿಯಲ್ಲಿ. ಅವಳ ಊರು ಪುತ್ತೂರಿನ ಹತ್ತಿರ. ಮ್ಯಾನೇಜರ್ ಕೃಷ್ಣಾನಂದರು ವರ್ಗವಾಗಿ ಕೊಚ್ಚಿಗೆ ಬರುವಾಗ ಅವಳನ್ನೂ ಗಂಡ ತನಿಯನನ್ನೂ ಜೊತೆಗೆ ತಂದಿದ್ದರು. ಒಳಗಿನ ಕೆಲಸಕ್ಕಲ್ಲ. ಅವಳ ಜಾತಿಯವರು ಆ ಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಅಂಗಳ ಗುಡಿಸಲಿಕ್ಕೆ, ಬಟ್ಟೆ ಒಗೆಯಲಿಕ್ಕೆ, ಕಕ್ಕಸು ತೊಳೆಯಲಿಕ್ಕೆ. ಅವರಿಗೆ ಪುನಃ ವರ್ಗವಾಯಿತು. ಹೋಗುವಾಗ ಅವಳನ್ನು ಬ್ಯಾಂಕಿನಲ್ಲಿ ಗುಡಿಸುವ ಕೆಲಸಕ್ಕೆ ಸೇರಿಸಿ ಹೋದರು. ಖಾಯಂ ಅಲ್ಲ. ಬಾ ಎಂದರೆ ಬರಬೇಕು, ಬೇಡ ಎಂದರೆ ಹೋಗಬೇಕು. ತನಿಯ ಗೋದಾಮುಗಳಲ್ಲಿ ಶುಂಠಿ, ಕರಿಮೆಣಸಿನ ಚೀಲ ಹೊರುತ್ತಿದ್ದ. ಬ್ಯಾಂಕಿನ ಹಿಂದಿನ ಓಣಿಯಲ್ಲಿ ತಗಡಿನ ಒಂದು ಶೆಡ್ಡು ಅವರ ಮನೆ. ಅದಕ್ಕೆ ನಂಬರಿರಲಿಲ್ಲ. ಒಂದು ಮಗು ಹುಟ್ಟುವಾಗಲೇ ಸತ್ತಿತ್ತು. ಇನ್ನೊಂದು ಜ್ವರದಲ್ಲಿ ಹೋಗಿತ್ತು. ಇನ್ನೂ ಆದೀತು ಎಂದು ಇಬ್ಬರೂ ಕಾಯುತ್ತಿದ್ದರು.

ಗಂಟು ದೊಡ್ಡದಾಯಿತು. ಚರ್ಮ ಒಡೆಯಿತು. ಕೀವು ಬಂತು. ರವಿಕೆಯೊಳಗೆ ಹಳೆಬಟ್ಟೆ ಒತ್ತಿಕೊಂಡು ಗುಡಿಸಿದಳು. ಒಂದು ದಿನ ಕ್ಯಾಶಿಯರ್ ಮೂಗಿಗೆ ಕರವಸ್ತ್ರ ಹಿಡಿದ. "ಇವಳನ್ನು ಆಸ್ಪತ್ರೆಗೆ ಕಳಿಸಿ, ಇಲ್ಲಿ ಕೂರಲಿಕ್ಕೆ ಆಗ್ತಿಲ್ಲ" ಎಂದ. ಹಾಗೆ ಅವಳು ಆಸ್ಪತ್ರೆ ಕಂಡಳು. ಕೊಚ್ಚಿಯ ಡಾಕ್ಟರು ನೋಡಿ, ಇಲ್ಲಿ ಆಗದು, ತಿರುವನಂತಪುರದ ದೊಡ್ಡಾಸ್ಪತ್ರೆಗೆ ಹೋಗು ಎಂದರು. ರೈಲಿನಲ್ಲಿ ಬಾಗಿಲ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಹೋದರು.

ಅಲ್ಲಿ ಮೊಲೆ ತೆಗೆದರು. ಕಂಕುಳನ್ನೂ ಬಗೆದು ಅಲ್ಲಿನ ಗಂಟು ತೆಗೆದರು. ಗಾಯ ಒಣಗಿದ ಮೇಲೆ ಮನೆಗೆ ಕಳಿಸಿದರು. ಭಾರ ಎತ್ತಬೇಡ ಎಂದರು. ಎತ್ತದೆ ಬ್ಯಾಂಕಿನ ಕಕ್ಕಸಿಗೆ ನೀರು ಹೇಗೆ ಬರುತ್ತದೆ ಎಂದು ಅವರು ಹೇಳಲಿಲ್ಲ. ಎಡಗೈ ಊದಿ ಬಾಳೆದಿಂಡಿನ ಹಾಗಾಯಿತು. ಬಲಗೈಯಲ್ಲಿ ಎತ್ತಿದಳು.

ಮರುವರ್ಷ ಸೊಂಟದ ಎಲುಬಿನಲ್ಲಿ ನೋವು ಸುರುವಾಯಿತು. ಬಗ್ಗಿದರೆ ಏಳಲು ಆಗುತ್ತಿರಲಿಲ್ಲ. ಗೋಡೆ ಹಿಡಿದು ಏಳುತ್ತಿದ್ದಳು. ತನಿಯ ಮತ್ತೆ ತಿರುವನಂತಪುರಕ್ಕೆ ಕರೆದುಕೊಂಡು ಹೋದ. ಎಕ್ಸ್‌ರೇ ಕೋಣೆಯ ಹೊರಗೆ ನೆಲದ ಮೇಲೆ ಮಲಗಿಸಿ ಸಾಲಿನಲ್ಲಿ ನಿಂತ. ಅವಳು ನೋವಿಗೆ ಬಾಯಿಗೆ ಬಂದದ್ದನ್ನೆಲ್ಲ ಒದರುತ್ತಿದ್ದಳು. ತುಳು, ಕನ್ನಡ, ಮಲಯಾಳ ಎಲ್ಲ ಸೇರಿತ್ತು.

ಕುರ್ಚಿಯಲ್ಲಿ ಕೂತಿದ್ದ ಒಬ್ಬ ಹೆಂಗಸು ಬಗ್ಗಿ ನೋಡಿದರು.

"ನೀನು ಕನ್ನಡದವಳೇನಮ್ಮಾ?"

"ಹೌದು ಅಮ್ಮ. ಪುತ್ತೂರು ಹತ್ರ."

"ಅಯ್ಯೋ, ಎಷ್ಟು ದಿನಕ್ಕೆ ಕಿವಿಗೆ ಬಿತ್ತು! ನಾನು ಮೈಸೂರು. ಇಂದುಮತಿ ಅಂತ."

ಇಂದುಮತಿಯ ಗಂಡ ನಟರಾಜ ರಾಕೆಟ್ ಕೇಂದ್ರದಲ್ಲಿ ಇಂಜಿನಿಯರು. ಮನೆ ತಿರುವನಂತಪುರದ್ದೇ ಶ್ರೀಕಾರ್ಯದಲ್ಲಿ. ಇಂದುಮತಿಗೂ ಅದೇ ರೋಗ. ಅವರದೂ ಒಂದು ಮೊಲೆ ತೆಗೆದಿದ್ದರು. ಇವರು ಪೇಯಿಂಗ್ ವಾರ್ಡು, ಅವಳು ನೆಲದ ವಾರ್ಡು. ರೋಗ ಮಾತ್ರ ಒಂದೇ.

ಎಕ್ಸ್‌ರೇ ನೋಡಿ ಅಲ್ಲಿನ ದೊಡ್ಡ ಡಾಕ್ಟರು, ಪ್ರೊಫೆಸರು, ಹೊಟ್ಟೆಯಲ್ಲಿ ಒಂದು ಸಣ್ಣ ಆಪರೇಷನ್ ಆಗಬೇಕು ಎಂದರು. ತನಿಯನ ಮುಂದೆ ಕಾಗದ ಹಿಡಿದರು. ಒತ್ತು ಎಂದರು. ಅವನು ಹೆಬ್ಬೆಟ್ಟು ಒತ್ತಿದ. ಸಣ್ಣದು ಎಂದರೆ ಸಣ್ಣದೇ ಇರಬೇಕು.

ಆಪರೇಷನ್ ಆಯಿತು. ಸೊಂಟದ ನೋವು ಹೋಯಿತು. ಅದು ಸುಳ್ಳಲ್ಲ. ಕೆಲವೇ ವಾರಗಳಲ್ಲಿ ಅವಳು ಎದ್ದು ನಡೆದಳು, ಬಗ್ಗಿದಳು, ಗುಡಿಸಿದಳು. ಓಣಿಯ ಹೆಂಗಸರು ದೇವರು ಬಂದ ಹಾಗೆ ನೋಡಿದರು. ಚಂದ್ರಾವತಿ ಪ್ರೊಫೆಸರರ ಹೆಸರು ಹೇಳಿ ಕೈ ಮುಗಿದಳು.

ಆದರೆ ತಿಂಗಳ ಮುಟ್ಟು ನಿಂತಿತು. ನಡು ಹಗಲಲ್ಲಿ ಮೈಗೆ ಬೆಂಕಿ ಹಚ್ಚಿದ ಹಾಗೆ ಬಿಸಿ ಏರುತ್ತಿತ್ತು. ಬೆವರು ಸುರಿಯುತ್ತಿತ್ತು. ಮಗು ನಿಂತಿತೋ ಎಂದುಕೊಂಡಳು. ತನಿಯನಿಗೂ ಹೇಳಿದಳು. ಅವನು ಹಲ್ಲು ಬಿಟ್ಟು ನಕ್ಕ, ಸಂತೆಯಿಂದ ಮೀನು ತಂದ. ಹೊಟ್ಟೆ ಬೆಳೆಯಲಿಲ್ಲ. ಅದು ತುರ್ತುಪರಿಸ್ಥಿತಿಯ ಕಾಲ. ಬಡವರನ್ನು ಹಿಡಿದು ಮಕ್ಕಳಾಗದ ಹಾಗೆ ಆಪರೇಷನ್ ಮಾಡುತ್ತಾರೆ ಎಂಬ ಮಾತು ಓಣಿಯಲ್ಲೂ ಇತ್ತು. "ನಿನ್ನನ್ನೂ ಮಾಡಿ ಕಳಿಸಿದ್ದಾರೆ ನೋಡು" ಎಂದಳು ಪಕ್ಕದ ಮನೆಯವಳು. ಗೋದಾಮಿನಲ್ಲಿ ತನಿಯನನ್ನು ಚೀಲ ಹೊರುವವರು ಕೆಣಕಿದರು. ಅವನು ಒಬ್ಬನ ಕೆನ್ನೆಗೆ ಹೊಡೆದು ಬಂದ.

ಆಗ ಆಸ್ಪತ್ರೆಯಿಂದ ಕಾರ್ಡು ಬಂತು. ಬ್ಯಾಂಕಿನ ವಿಳಾಸಕ್ಕೆ. ತಪ್ಪದೆ ಬರಬೇಕು ಎಂದಿತ್ತು.

ಔಷಧಿ ಕೊಡುತ್ತಾರೆ ಎಂದು ಇಬ್ಬರೂ ಹೋದರು. ತನಿಯ ಗೇಟಿನ ಹತ್ತಿರ ಕೂತ. ಅವಳನ್ನು ದೊಡ್ಡ ಕೋಣೆಗೆ ಕರೆದುಕೊಂಡು ಹೋದರು. ಮೆಟ್ಟಿಲು ಮೆಟ್ಟಿಲಾಗಿ ಬೆಂಚುಗಳು. ತುಂಬ ಹುಡುಗರು, ಹುಡುಗಿಯರು, ಬಿಳಿ ಕೋಟು. ಏಲಿಯಮ್ಮ ಸಿಸ್ಟರು ಅವಳನ್ನು ಮೇಜಿನ ಪಕ್ಕ ನಿಲ್ಲಿಸಿದರು. ರವಿಕೆ ತೆಗಿ ಎಂದರು ಪ್ರೊಫೆಸರು. ಅವಳು ಸಿಸ್ಟರ ಮುಖ ನೋಡಿದಳು. ಸಿಸ್ಟರು ತಾವೇ ಗುಂಡಿ ಬಿಚ್ಚಿದರು. ಆಮೇಲೆ ಸೀರೆ ಕೆಳಗೆ ಜಾರಿಸಿ ಹೊಟ್ಟೆಯ ಕಲೆ ತೋರಿಸಿದರು. ಪ್ರೊಫೆಸರು ಕೋಲಿನಿಂದ ಎದೆ ಮುಟ್ಟಿದರು, ಹೊಟ್ಟೆ ಮುಟ್ಟಿದರು, ಇಂಗ್ಲಿಷಿನಲ್ಲಿ ಮಾತಾಡಿದರು. ಕರಿಹಲಗೆಯ ಮೇಲೆ ಒಂದು ದುಂಡನೆಯ ಚಿತ್ರ ಬರೆದು ಅದರೊಳಗೆ ಬೀಗದ ಹಾಗೆ ಏನೋ ಬರೆದರು. ಹುಡುಗರು ಒಬ್ಬೊಬ್ಬರಾಗಿ ಬಂದು ಒತ್ತಿ ನೋಡಿದರು. ತಣ್ಣನೆಯ ಬೆರಳುಗಳು. ಒಬ್ಬನೂ ಮುಖ ನೋಡಲಿಲ್ಲ. ಅವಳು ಕಿಟಕಿ ನೋಡುತ್ತ ನಿಂತಳು. ಮುಗಿದ ಮೇಲೆ ಸಿಸ್ಟರು, "ಮೋಳೇ, ಇನ್ನು ಹೋಗು" ಎಂದರು. ಮೋಳೇ ಎಂದರೆ ಮಗಳೇ. ಔಷಧಿ ಇರಲಿಲ್ಲ.

ಹೊರಗೆ ಇಂದುಮತಿ ಸಿಕ್ಕರು, ಕೋಲೂರಿಕೊಂಡು ಬಂದಿದ್ದರು. ಚಂದ್ರಾವತಿ ಅವರ ಕುರ್ಚಿಯ ಪಕ್ಕ ನೆಲದಲ್ಲಿ ಕೂತಳು.

"ಅಮ್ಮ, ಒಂದು ಉಪಕಾರ ಮಾಡಿ. ನನ್ನ ಹೊಟ್ಟೆಯಿಂದ ಎಂತ ತೆಗ್ದದ್ದು ಅಂತ ಅವರ ಹತ್ರ ಇಂಗ್ಲಿಷಲ್ಲಿ ಕೇಳಿ. ನಾನು ಕೇಳಿದ್ರೆ ಹೇಳುದಿಲ್ಲ."

ಇಂದುಮತಿ ಒಳಗೆ ಹೋದರು. ಪ್ರೊಫೆಸರು ಅವರಿಗೆ ಕುರ್ಚಿ ಕೊಟ್ಟು, ಕಾಗದದಲ್ಲಿ ಚಿತ್ರ ಬರೆದು, ನಗುತ್ತ ಎಲ್ಲ ವಿವರಿಸಿದರು. ಬಾಗಿಲ ಸಂದಿನಿಂದ ಕಾಣುತ್ತಿತ್ತು. ಇಂದುಮತಿ ಹೊರಗೆ ಬಂದು ಮತ್ತೆ ಕುರ್ಚಿಯಲ್ಲಿ ಕೂತರು.

"ಹೇಳಿ ಅಮ್ಮ."

"ಈ ರೋಗದ ಕಣ ಇರುತ್ತಲ್ಲ, ಅದರೊಳಗೆ ಒಂದು ಬೀಗ ಇದ್ದ ಹಾಗೆ ಇರುತ್ತಂತೆ. ಹೆಂಗಸರ ಅಂಡಾಶಯದಿಂದ ಒಂದು ರಸ ಬರುತ್ತೆ. ಅದೇ ಬೀಗದ ಕೈ. ಅದು ಹೋಗಿ ತಿರುಗಿಸಿದ್ರೆ ಕಣ ಒಡೆದು ಎರಡಾಗುತ್ತೆ, ಮತ್ತೆ ಒಡೆಯುತ್ತೆ, ಬೆಳೀತಾನೇ ಹೋಗುತ್ತೆ. ಎಲ್ಲರ ಗಂಟಿನಲ್ಲೂ ಆ ಬೀಗ ಇರಲ್ವಂತೆ. ನಿನ್ನ ಗಂಟಿನ ಒಂದು ಚೂರನ್ನ ಮಂಜುಗಡ್ಡೇಲಿಟ್ಟು ಬೊಂಬಾಯಿಗೆ ಕಳಿಸಿದ್ರಂತೆ. ಅದರಲ್ಲಿ ತುಂಬಾ ಇತ್ತಂತೆ. ಅದಕ್ಕೇ ಬೀಗದ ಕೈ ಬರೋ ಜಾಗಾನೇ ತೆಗೆದುಬಿಟ್ರು."

"ಯಾವ ಜಾಗ?"

"ಅಂಡಾಶಯ ಕಣಮ್ಮ. ಎರಡೂ."

"ಹಾಗಾದ್ರೆ ನಂಗೆ ಇನ್ನು ಮಗು?"

ಇಂದುಮತಿ ತಲೆ ಅಲ್ಲಾಡಿಸಿದರು. "ನಿನಗೆ ಅವರು ಹೇಳಿರಲಿಲ್ವಾ?"

ಚಂದ್ರಾವತಿ ಅಂಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಕೂತಳು. ಹೋಗುವ ಬರುವ ಜನ ಅವಳ ಕಾಲು ತುಳಿದು ಹೋದರು. ಸಂಜೆ ರೈಲಿಗೆ ತನಿಯ ಬಂದು ಎಬ್ಬಿಸುವವರೆಗೆ ಅಲ್ಲೇ ಇದ್ದಳು. ಅವನಿಗೆ ಹೇಳಿದ್ದು ಕೊಚ್ಚಿಗೆ ಬಂದ ಮೇಲೆ. ಅವನು ತನ್ನ ಹೆಬ್ಬೆಟ್ಟನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಕೆಲಸಕ್ಕೆ ಹೋದ.

ನೋವು ಮತ್ತೆ ಬಂತು. ಈ ಸಲ ಸೊಂಟದಿಂದ ಬೆನ್ನಿಗೆ ಹತ್ತಿತು. ಬ್ಯಾಂಕಿನವರು ಬೇರೆ ಹೆಂಗಸನ್ನು ಇಟ್ಟುಕೊಂಡರು. ಸರಿಯಾಗಿ ಅದೇ ಹೊತ್ತಿಗೆ ಆಸ್ಪತ್ರೆಯ ಇನ್ನೊಂದು ಕಾರ್ಡು ಬಂತು. ಹೊಸ ಗುಡಿಸುವವಳು ಅದನ್ನು ತಂದು ಕೊಟ್ಟಳು. ಚಂದ್ರಾವತಿ ತನಿಯನ ಹೆಗಲು ಹಿಡಿದು ಹೊರಟಳು.

ಆಸ್ಪತ್ರೆಯಲ್ಲಿ ಇಂದುಮತಿಯನ್ನು ಕಂಡು ಗುರುತೇ ಹತ್ತಲಿಲ್ಲ. ಹಿಂದಿನ ಸಲ ಕೋಲೂರಿ ನಡೆಯುತ್ತಿದ್ದವರು ಈಗ ಕೈ ಬೀಸಿಕೊಂಡು ಬಂದರು.

"ಇಂಗ್ಲೆಂಡಿಂದ ಮಾತ್ರೆ ಬಂದಿದೆ ಚಂದ್ರಾ. ಆ ಬೀಗ ಅಂದೆನಲ್ಲ, ಈ ಮಾತ್ರೆ ಹೋಗಿ ಬೀಗದ ತೂತಲ್ಲಿ ಸಿಕ್ಕಿಕೊಂಡು ಕೂರುತ್ತೆ. ನಿಜವಾದ ಬೀಗದ ಕೈ ಬಂದ್ರೂ ಒಳಗೆ ಹೋಗಕ್ಕಾಗಲ್ಲ. ಕತ್ತರಿಸೋದೇ ಬೇಡ."

"ನಂದು ಎರಡೂ ತೆಗ್ದಿದ್ದಾರಲ್ಲ ಅಮ್ಮ. ಮತ್ತೆ ನೋವು ಹೇಗೆ ಬಂತು?"

"ಅದನ್ನೂ ಕೇಳಿದೆ. ಮೈಯಲ್ಲಿ ಬೇರೆ ಕಡೆಯಿಂದಲೂ ಸ್ವಲ್ಪ ಸ್ವಲ್ಪ ಆ ರಸ ಬರುತ್ತಂತೆ. ಹೊಟ್ಟೆಯ ಆಪರೇಷನ್ನಿಗೆ ಯಾರಿಗೆ ಗುಣ ಕಂಡಿತ್ತೋ ಅವರಿಗೆ ಈ ಮಾತ್ರೆ ಚೆನ್ನಾಗಿ ಹಿಡಿಯುತ್ತಂತೆ. ನಿನಗೆ ಗುಣ ಕಂಡಿತ್ತಲ್ಲ. ಕೇಳು, ಹೋಗು."

ಚಂದ್ರಾವತಿ ಕೇಳಿದಳು. ಪ್ರೊಫೆಸರು ಕಾಗದದಿಂದ ತಲೆ ಎತ್ತಲಿಲ್ಲ. ಮಲಯಾಳದಲ್ಲಿ ಹೇಳಿದರು, ಮಾತ್ರೆ ಸ್ವಲ್ಪವೇ ಬಂದಿದೆ. ಪರೀಕ್ಷೆಗೆಂದು ಬಂದದ್ದು. ತಿಂಗಳು ತಿಂಗಳು ತಪ್ಪದೆ ಬರುವವರಿಗೆ ಮಾತ್ರ. ವಿಳಾಸ ಇರುವವರಿಗೆ.

"ನಾನು ಬರ್ತೇನೆ ಸಾರ್."

"ನಿನ್ನಂಥವರು ಇವತ್ತು ಇಲ್ಲಿ, ನಾಳೆ ಎಲ್ಲೋ. ಹುಡುಕಿಕೊಂಡು ಯಾರು ಬರುತ್ತಾರೆ? ನಾಳೆ ಬೆಳಿಗ್ಗೆ ಕ್ಲಾಸಿಗೆ ಬಾ. ಆಮೇಲೆ ನೋವಿನ ಮಾತ್ರೆ ಬರೆದು ಕೊಡುತ್ತೇನೆ."

ಮರುದಿನ ಬೆಳಿಗ್ಗೆ ಅದೇ ಕೋಣೆ. ಅವೇ ಬೆಂಚುಗಳು, ಬೇರೆ ಹುಡುಗರು. ನಿಲ್ಲಲು ಆಗದೆ ಅವಳು ಮೇಜಿನ ಅಂಚು ಹಿಡಿದಿದ್ದಳು. ಪ್ರೊಫೆಸರು ಮೊದಲು ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ಅವಳ ಕಡೆ ತಿರುಗಿದರು.

"ರವಿಕೆ ತೆಗಿ."

"ಪಟ್ಟಿಲ್ಲ."

ಆಗುವುದಿಲ್ಲ ಎಂದು. ಮಲಯಾಳದಲ್ಲೇ ಅಂದಳು, ಎಲ್ಲರಿಗೂ ತಿಳಿಯಲಿ ಎಂದು. ಏಲಿಯಮ್ಮ ಸಿಸ್ಟರು ಗುಂಡಿಗೆ ಕೈ ಹಾಕಿದರು. ಚಂದ್ರಾವತಿ ಆ ಕೈಯನ್ನು ತಳ್ಳಿದಳು. ಊದಿದ ಎಡಗೈಯಿಂದ ಎದೆ ಮುಚ್ಚಿಕೊಂಡಳು.

"ನನಗೆ ವಿಳಾಸ ಇಲ್ಲ ಅಂದಿರಿ. ಕ್ಲಾಸಿಗೆ ಬಾ ಎಂದು ಕಾರ್ಡು ಹಾಕಿದಿರಿ. ಅದು ಬಂದು ಮುಟ್ಟಿತು. ಹಿಂದಿನ ಸಲವೂ ಮುಟ್ಟಿತು. ಬಿಚ್ಚಿ ತೋರಿಸಲಿಕ್ಕೆ ನನಗೆ ವಿಳಾಸ ಉಂಟು. ಮಾತ್ರೆಗೆ ಇಲ್ಲವಾ?"

ಬೆಂಚಿನಲ್ಲಿ ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

"ನಿನ್ನ ಜೀವ ಉಳಿಸಿದ್ದು ನಾವು" ಎಂದರು ಪ್ರೊಫೆಸರು.

"ಹೌದು. ಇಲ್ಲ ಎನ್ನುವುದಿಲ್ಲ. ಹೊಟ್ಟೆಯಿಂದ ತೆಗೆದದ್ದನ್ನು ಕೇಳಿದ್ದರೆ ನಾನೇ ಕೊಡುತ್ತಿದ್ದೆ. ಬದುಕುವ ಆಸೆ ನನಗೂ ಇತ್ತು. ಹೀಗೆ ಮಾಡಿದರೆ ಉಳಿಯುತ್ತೀ, ಮಗು ಆಗುವುದಿಲ್ಲ, ಏನು ಮಾಡಲಿ ಎಂದು ಒಂದು ಮಾತು. ಕೇಳಲಿಲ್ಲ. ಗಂಡನ ಹೆಬ್ಬೆಟ್ಟು ಒತ್ತಿಸಿಕೊಂಡಿರಿ, ಅವನಿಗೂ ಹೇಳಲಿಲ್ಲ. ಮೀನು ತಂದಿದ್ದ ಅವನು, ನಾನು ಬಸುರಿ ಎಂದು. ನನ್ನ ಗಂಟನ್ನು ಬೊಂಬಾಯಿಗೆ ಕಳಿಸಿದಿರಿ. ನನ್ನ ಮೈ ನೋಡಿ ಇವರೆಲ್ಲ ಕಲಿತರು. ಕಲಿತದ್ದರಲ್ಲಿ ನನಗೆ ಪಾಲಿಲ್ಲವಾ?"

ಕಡೆಗೆ ಮಲಯಾಳ ತಪ್ಪಿ ತುಳುವಿಗೆ ಬಂದಿತ್ತು. ಕೊನೆಯ ಮಾತು ಅಲ್ಲಿ ಯಾರಿಗೂ ತಿಳಿಯಲಿಲ್ಲ.

"ಇವಳನ್ನು ಹೊರಗೆ ಕರೆದುಕೊಂಡು ಹೋಗಿ" ಎಂದರು ಪ್ರೊಫೆಸರು. ಸಿಟ್ಟಿನಿಂದಲ್ಲ. ಹೊತ್ತಾಗುತ್ತಿದೆ ಎಂಬ ಹಾಗೆ.

ಹೊರಗೆ ಬೆಂಚಿನಲ್ಲಿ ಇನ್ನೊಬ್ಬ ಹೆಂಗಸು ಕಾಯುತ್ತಿದ್ದಳು. ಕೊಲ್ಲಂ ಕಡೆಯವಳು, ಗೇರುಬೀಜ ಸುಲಿದು ಕಪ್ಪಾದ ಬೆರಳುಗಳು. ಅವಳನ್ನು ಒಳಗೆ ಕರೆದರು. ಬಾಗಿಲು ಮುಚ್ಚುವ ಮೊದಲು ಚಂದ್ರಾವತಿ ನೋಡಿದಳು. ಆ ಹೆಂಗಸು ಹೇಳುವ ಮೊದಲೇ ಗುಂಡಿ ಬಿಚ್ಚುತ್ತಿದ್ದಳು. ಪ್ರೊಫೆಸರರ ದನಿ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯಿತು.

ನೋವಿನ ಮಾತ್ರೆಯನ್ನೂ ಯಾರೂ ಬರೆದು ಕೊಡಲಿಲ್ಲ.

ತನಿಯ ಅವಳನ್ನು ಬಸ್ಸಿನಲ್ಲಿ ಶ್ರೀಕಾರ್ಯಕ್ಕೆ ಕರೆದುಕೊಂಡು ಹೋದ. ಬೇರೆ ಯಾರೂ ಗೊತ್ತಿರಲಿಲ್ಲ. ನಟರಾಜ ಕೆಲಸಕ್ಕೆ ಹೋಗಿದ್ದರು. ಇಂದುಮತಿ ಹಿತ್ತಲ ಬಾಗಿಲಿಗೆ ಬರಹೇಳಿದರು. ಬಾವಿಕಟ್ಟೆಯ ಹತ್ತಿರ ಕೂರಿಸಿದರು. ಬೇರೆ ಇಟ್ಟಿದ್ದ ಲೋಟದಲ್ಲಿ ಕಾಫಿ ಕೊಟ್ಟರು. ಕ್ಲಾಸಿನಲ್ಲಿ ಆದದ್ದನ್ನು ಕೇಳಿ ಅತ್ತರು.

"ನೀನು ಸುಮ್ನೆ ತೆಗೆದುಬಿಟ್ಟಿದ್ರೆ ಆಮೇಲಾದ್ರೂ ಕೊಡ್ತಿದ್ರೇನೋ ಚಂದ್ರಾ."

"ಕೊಡ್ತಿರ್ಲಿಲ್ಲ ಅಮ್ಮ. ಹೋದ ಸಲ ತೆಗ್ದಿದ್ದೆನಲ್ಲ."

ಇಂದುಮತಿ ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಒಂದು ಕಾಗದದ ಪೊಟ್ಟಣ ಹಿಡಿದುಕೊಂಡು ಬಂದರು.

"ದಿನಕ್ಕೆ ಎರಡು ನುಂಗು ಅಂತಾರೆ. ನಾನು ಒಂದೇ ನುಂಗಿ ಒಂದು ಎತ್ತಿಟ್ಟಿದೀನಿ, ಮಾತ್ರೆ ಬರೋದು ನಿಂತುಹೋದ್ರೆ ಅಂತ. ತಗೋ. ನಮ್ಮ ಮನೆಯವರಿಗೆ ಗೊತ್ತಾಗಬಾರದು. ಆಸ್ಪತ್ರೆಯಲ್ಲೂ ಹೇಳಬೇಡ, ನನ್ನ ಹೆಸರು ತೆಗೆದುಹಾಕಿಬಿಡ್ತಾರೆ."

"ನಿಮಗೆ ಕಮ್ಮಿ ಆದ್ರೆ?"

"ತಗೋ ಅಂದ್ನಲ್ಲ."

ಚಂದ್ರಾವತಿ ಎರಡೂ ಕೈ ಚಾಚಿದಳು. ಇಂದುಮತಿ ಪೊಟ್ಟಣವನ್ನು ಮೇಲಿನಿಂದ ಬಿಟ್ಟರು, ಕೈಗೆ ಕೈ ತಾಗದ ಹಾಗೆ. ಅವರು ಅದನ್ನು ಬೇಕೆಂದು ಮಾಡಲಿಲ್ಲ. ಅಭ್ಯಾಸ.

ಕೊಚ್ಚಿಯಲ್ಲಿ ಚಂದ್ರಾವತಿ ಮಾತ್ರೆ ನುಂಗಿದಳು. ಮೊದಲು ನೋವು ಹೆಚ್ಚಾಯಿತು. ತನಿಯ ಹೆದರಿದ. ಅವಳು ನಿಲ್ಲಿಸಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅವಳೇ ಎದ್ದು ಕೂತಳು. ಇನ್ನೊಂದು ವಾರ ಹೋಗಿ ಓಣಿಯ ನಲ್ಲಿಯವರೆಗೆ ನಡೆದಳು. ತಂಬಿಗೆ ನೀರು ತಂದಳು. ತನಿಯನಿಗೆ ಅನ್ನ ಬೇಯಿಸಿದಳು. ಅವನು ಉಣ್ಣುವುದನ್ನು ಬಿಟ್ಟು ಅವಳನ್ನೇ ನೋಡಿದ.

"ಎಂತ ನೋಡ್ತೀರಿ? ಅನ್ನ ತಣಿಯುತ್ತದೆ."

ಪೊಟ್ಟಣ ಬರಿದಾಯಿತು. ಸ್ವಲ್ಪ ದಿನ ಮೈ ತಡೆಯಿತು. ಮತ್ತೆ ನೋವು ಬಂತು, ಮೊದಲಿಗಿಂತ ಜೋರಾಗಿ. ಕಾಲುಗಳಲ್ಲಿ ಬಲ ಹೋಯಿತು. ಮಲ ಮೂತ್ರ ಮಲಗಿದಲ್ಲೇ. ಊರಿನವರ ಕಕ್ಕಸು ತೊಳೆದವಳು ತನ್ನದನ್ನು ಗಂಡ ಬಾಚುವಾಗ ಮುಖ ಮುಚ್ಚಿಕೊಳ್ಳುತ್ತಿದ್ದಳು. ಈಗ ಅವಳಿಗೆ ಅನುಮಾನ ಇರಲಿಲ್ಲ. ಯಾವುದು ತನ್ನನ್ನು ಎಬ್ಬಿಸುತ್ತದೆ ಎಂದು ಅವಳ ಮೈಗೇ ಗೊತ್ತಾಗಿತ್ತು. ಗೊತ್ತಾಗದಿದ್ದರೆ ಒಳ್ಳೆಯದಿತ್ತು ಎಂದಳು ಒಂದು ಸಲ.

ತನಿಯ ಒಬ್ಬನೇ ಹೋದ. ಶ್ರೀಕಾರ್ಯದ ಮನೆಯಲ್ಲಿ ಗೇಟಿನ ಹತ್ತಿರವೇ ನಟರಾಜ ನಿಲ್ಲಿಸಿದರು. ಒಳ್ಳೆಯ ಮನುಷ್ಯ. ದನಿ ಎತ್ತಲಿಲ್ಲ.

"ನೋಡಪ್ಪಾ, ಇಂದುಮತಿ ಅರ್ಧ ಅರ್ಧ ತಗೊಂಡು ಅವಳಿಗೇ ಮತ್ತೆ ನೋವು ಜಾಸ್ತಿಯಾಗಿದೆ. ಈಗ ಬಾಟ್ಲಿ ನಾನೇ ಬೀಗ ಹಾಕಿ ಇಡ್ತಿದೀನಿ. ನಿನ್ನ ಹೆಂಡತಿ ಸಂಕಟ ನನಗೆ ಅರ್ಥವಾಗುತ್ತೆ. ನನಗೂ ಹೆಂಡತಿ ಇದಾಳೆ."

ತನಿಯ ಮನೆಯ ಕಡೆ ನೋಡಿದ. ಕಿಟಕಿಯಲ್ಲಿ ಇಂದುಮತಿ ನಿಂತಿದ್ದರು. ಕೋಲು ಹಿಡಿದಿದ್ದರು.

ಅಲ್ಲಿಂದ ಅವನು ಆಸ್ಪತ್ರೆಗೆ ಹೋದ. ಪ್ರೊಫೆಸರರ ಕೋಣೆಗೆ ಜವಾನ ತಡೆದರೂ ನುಗ್ಗಿದ. ಚೀಲ ಹೊರುವವನ ಮೈ, ಜವಾನ ಪಕ್ಕಕ್ಕೆ ಬಿದ್ದ.

"ಸಾರ್, ಆ ಮಾತ್ರೆ ನನ್ನ ಹೆಂಡತಿ ಚಂದ್ರಾವತಿಗೆ ಹಿಡಿಯುತ್ತದೆ. ನುಂಗಿದಳು. ಎದ್ದು ನಡೆದಳು. ಮುಗಿಯಿತು, ಪುನಃ ಬಿದ್ದಳು. ಕೊಡಿ ಸಾರ್. ಕ್ಲಾಸಿಗೆ ನನ್ನನ್ನು ಬೇಕಾದರೆ ಬೆತ್ತಲೆ ನಿಲ್ಲಿಸಿ."

ಪ್ರೊಫೆಸರು ಜವಾನನಿಗೆ ಹೋಗು ಎಂದು ಕೈ ಮಾಡಿದರು. ಮೊತ್ತಮೊದಲ ಬಾರಿಗೆ ತನಿಯನ ಮುಖ ನೋಡಿದರು. ಕುಳಿತುಕೋ ಎಂದರು.

"ಎಲ್ಲಿ ಸಿಕ್ಕಿತು?"

"ಸಿಕ್ಕಿತು ಸಾರ್."

"ಇರಲಿ. ನುಂಗಿದ ಮೇಲೆ ಎಷ್ಟು ದಿನಕ್ಕೆ ನೋವು ಕಡಿಮೆಯಾಯಿತು?"

ತನಿಯ ಹೇಳಿದ.

"ಮೊದಲು ಹೆಚ್ಚಾಯಿತಾ? ಯಾವ ಕಡೆ? ನಡೆಯುವಾಗ ಹಿಡಿದುಕೊಳ್ಳಬೇಕಿತ್ತಾ? ವಾಂತಿ ಆಯಿತಾ?"

ಅವನು ಎಲ್ಲವನ್ನೂ ಹೇಳಿದ. ನಲ್ಲಿಯವರೆಗೆ ನಡೆದದ್ದು, ಅನ್ನ ಬೇಯಿಸಿದ್ದು. ಪ್ರೊಫೆಸರು ಒಂದು ಹಾಳೆ ಎಳೆದುಕೊಂಡು ಬರೆಯುತ್ತ ಹೋದರು. ಮುಖದಲ್ಲಿ ಬೆಳಕಿತ್ತು. ಪಕ್ಕದಲ್ಲಿದ್ದ ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಇಬ್ಬರೂ ತಲೆದೂಗಿದರು. ಮಾತ್ರೆ ಕೊಡುತ್ತಾರೆ ಎಂದು ತನಿಯನಿಗೆ ಖಾತ್ರಿಯಾಯಿತು. ಇಷ್ಟು ಕೇಳಿದ ಮೇಲೆ ಕೊಡದೆ ಇರುತ್ತಾರೆಯೇ?

ಹಾಳೆ ತುಂಬಿತು. ಪ್ರೊಫೆಸರು ಪೆನ್ನು ಮುಚ್ಚಿದರು.

"ಬಹಳ ಉಪಯೋಗವಾಯಿತು. ನೀನಿನ್ನು ಹೋಗಬಹುದು."

"ಮಾತ್ರೆ ಸಾರ್?"

"ಅವಳಿಗೆ ಆಗಲೇ ಹೇಳಿದ್ದೇನಲ್ಲ. ಬಂದದ್ದೆಲ್ಲ ಹಂಚಿಯಾಗಿದೆ."

ತನಿಯ ಕೂತಲ್ಲಿಂದ ಎದ್ದ. ಮೇಜಿನ ಮೇಲೆ ಕೈ ಹಾಕಿದ. ಹಾಳೆಯನ್ನು ಎತ್ತಿಕೊಂಡ. ಪ್ರೊಫೆಸರು ಕೂಗಿದರು, ಇನ್ನೊಬ್ಬ ಡಾಕ್ಟರು ಅವನ ಅಂಗಿ ಹಿಡಿದರು, ಅಂಗಿ ಹರಿಯಿತು. ಅವನು ಹಾಳೆಯನ್ನು ಮುಷ್ಟಿಯೊಳಗೆ ಹಿಡಿದು ಹೊರಗೆ ನಡೆದ. ಓಡಲಿಲ್ಲ. ಗೇಟಿನಲ್ಲಿ ವಾಚ್‌ಮನ್ ಎರಡು ಏಟು ಹೊಡೆದ. ತನಿಯ ಮುಷ್ಟಿ ಬಿಚ್ಚಲಿಲ್ಲ.

ಮರುದಿನ ಶೆಡ್ಡಿಗೆ ಬಂದು ಅದನ್ನು ಚಂದ್ರಾವತಿಯ ಕೈಯಲ್ಲಿ ಇಟ್ಟ. ಮುದ್ದೆಯಾಗಿ, ಬೆವರಿಗೆ ಶಾಯಿ ಹರಡಿತ್ತು.

"ಎಂತ ಇದು?"

"ನಿನ್ನದು. ನೀನು ನಡೆದದ್ದು, ಅನ್ನ ಬೇಯಿಸಿದ್ದು ಎಲ್ಲ ಬರ್ಕೊಂಡ್ರು. ಅವರ ಹತ್ರ ಬಿಟ್ಟು ಬರ್ಲಿಲ್ಲ."

ಅವಳು ಹಾಳೆಯನ್ನು ಬಿಡಿಸಿ ನೋಡಿದಳು. ಓದಲು ಅವಳಿಗೆ ಬಾರದು, ಅವನಿಗೂ ಬಾರದು. ಸ್ವಲ್ಪ ಹೊತ್ತು ನೋಡಿದಳು.

"ಮಾತ್ರೆ ಕೊಟ್ರಾ?"

ಅವನು ಇಲ್ಲ ಎಂದು ತಲೆಯಾಡಿಸಿದ.

ಅವಳಿಗೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗಬೇಕು ಅನಿಸಿತು. ತಿರುಗಲಿಕ್ಕೆ ಆಗಲಿಲ್ಲ. ಅವನೇ ಸೊಂಟಕ್ಕೆ ಕೈ ಕೊಟ್ಟು, ಮೆಲ್ಲ, ತನಗೆ ಬೆನ್ನು ಮಾಡಿ ತಿರುಗಿಸಿ ಮಲಗಿಸಿದ.